ಬ್ಯಾಟರಿ ಬೆಳಕಿನ ಗೆರೆ

ಕಾರು ನನಗೆ ಬಡಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಈಗಲೂ ಕೆಲವರು ಬಡಿಯಿತು ಅಂತಲೇ ಹೇಳುತ್ತಾರೆ. ಗಾಲಿ ನನ್ನ ಕಾಲ ಮೇಲೆ ಹಾಯಿತು ಅಂದವಳೂ ಇದ್ದಾಳೆ. ಹಾಗೆ ಹಾಯ್ದಿದ್ದರೆ ನಾನು ದಿನಾ ಅವಳ ಮನೆಯ ಮುಂದಿನಿಂದಲೇ ಹೇಗೆ ನಡೆದು ಹೋಗುತ್ತೇನೆ ಅಂತ ಅವಳು ಯೋಚಿಸಿಲ್ಲ. ಕಾರಿನವನು ಕುಡಿದಿದ್ದ ಅಂತ ಇನ್ನೊಂದು ಮಾತು. ಅವನು ಕುಡಿದಿರಲಿಲ್ಲ. ನನ್ನ ಮುಂದೆ ಬಗ್ಗಿ ನಿಂತಾಗ ಅವನ ಬಾಯಿಂದ ಬಂದದ್ದು ಎಲೆ ಅಡಿಕೆಯ ವಾಸನೆ. ನಡೆದದ್ದು ಇಷ್ಟು: ನಾನು ನನ್ನ ಕಾಲಿನಿಂದಲೇ ರಸ್ತೆಗೆ ಇಳಿದೆ. ಕಾರು ಬಂತು. ಅವನು ಬ್ರೇಕ್ ಹಾಕಿದ. ನಾನು ಹೆದರಿ ಅಲ್ಲೇ ಕುಂತುಬಿಟ್ಟೆ. ಕೂರುವಾಗ ಎಡಗೈ ಊರಿದ್ದರಿಂದ ಮಣಿಕಟ್ಟು ಉಳುಕಿತು. ಅದಕ್ಕಿಂತ ಹೆಚ್ಚಿನದು ಏನೂ ಆಗಲಿಲ್ಲ.

ಎಲ್ಲರೂ ಕಾರಿನ ಬಗ್ಗೆ ಕೇಳಿದರು. ಯಾವ ಬಣ್ಣ, ಯಾವ ಊರಿನವರು, ಎಷ್ಟು ಜೋರಾಗಿ ಬಂತು. ನೀನು ಯಾಕೆ ರಸ್ತೆಗೆ ಇಳಿದೆ ಅಂತ ಕೇಳಿದ್ದು ನನ್ನ ಮೊಮ್ಮಗಳೊಬ್ಬಳೇ.

ನಾನು ಬೆಟಗೇರಿಯ ನೇಕಾರರ ಓಣಿಯವಳು. ಡಂಬಳದಿಂದ ಸೊಸೆಯಾಗಿ ಬಂದೆ. ಶಾಲೆಗೆ ಹೋದದ್ದು ಎರಡನೇ ಇಯತ್ತೆಯವರೆಗೆ. ಅಕ್ಷರ ಮರೆಯದೆ ಉಳಿದದ್ದು ಅಂಗಡಿಗಳ ಬೋರ್ಡು ಓದಿ ಓದಿ. ಮನೆಯವರು ಇರುವಷ್ಟು ದಿನ ಮನೆಯೊಳಗೆ ಕುಣಿ ಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅವರು ಹೋದ ಮೇಲೆ ಮಗ್ಗ ಬಿಚ್ಚಿ ಮಾರಿದೆವು, ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಕಿಸಿದೆವು. ಈಗ ಅದರ ಮೇಲೆ ಮೊಮ್ಮಗಳ ಮಂಚ ಇದೆ. ಅವಳು ಶಿರಹಟ್ಟಿಯಲ್ಲಿರುವ ನನ್ನ ಮಗಳ ಮಗಳು. ಗದಗಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು ಅಂತ ನನ್ನ ಹತ್ತಿರ ಬಂದು ಇದ್ದಾಳೆ. ಮದುವೆ ಅಲ್ಬಮ್ ಮಾಡುವುದು ಅವಳ ಕೆಲಸ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮದುಮಕ್ಕಳ ಮುಖದ ಮೊಡವೆ ಅಳಿಸುತ್ತಾಳೆ.

ಬೆಳಿಗ್ಗೆ ಅವಳು ಡಬ್ಬಿ ಹಿಡಿದು ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಸೊಪ್ಪಿನವಳು ಬಂದರೆ ಅವಳ ಜೊತೆ ಎರಡು ಮಾತು. ಬರದಿದ್ದರೆ ಅದೂ ಇಲ್ಲ. ಟೀವಿಯವರು ಮಾತಾಡುತ್ತಲೇ ಇರುತ್ತಾರೆ, ಆದರೆ ನಾನು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಕೆಲವು ದಿನ ಸಂಜೆ ಬಾಯಿ ತೆರೆದರೆ ಧ್ವನಿ ಒಡೆದು ಬರುತ್ತದೆ. ಬೆಳಗಿನಿಂದ ಅದನ್ನು ಬಳಸಿರುವುದಿಲ್ಲ, ಅದಕ್ಕೆ. ಇದನ್ನು ದುಃಖ ಅಂತ ಹೇಳುತ್ತಿಲ್ಲ. ಗಂಟಲಿನ ಸಂಗತಿ ಹೇಳುತ್ತಿದ್ದೇನೆ.

ಹಾಗಾಗಿ ರಾತ್ರಿ ಊಟ ಮುಗಿಸಿ, ಮೊಮ್ಮಗಳ ತಾಟು ಮುಚ್ಚಿಟ್ಟು, ಬಾಗಿಲಿಗೆ ಕೀಲಿ ಹಾಕಿ ನಾನು ಹೊರಡುತ್ತೇನೆ. ಓಣಿ ದಾಟಿ, ದೊಡ್ಡ ರಸ್ತೆಯ ಅಂಚು ಹಿಡಿದು ಒಂದಿಷ್ಟು ನಡೆದರೆ ಹಿಂದಿನ ಓಣಿಯಲ್ಲಿ ಪವರ್‌ಲೂಮಿನ ಶೆಡ್ ಇದೆ. ಅಲ್ಲಿ ನನ್ನ ಹಳೆಯ ಗೆಳತಿ ರಾತ್ರಿ ಪಾಳಿಯಲ್ಲಿ ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ಅವಳೂ ನಾನೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. ಅವಳ ಮಗ್ಗವೂ ಹೋಯಿತು, ಗಂಡನೂ ಹೋದ, ಕಿವಿಯೂ ಅರ್ಧ ಹೋಗಿದೆ. ನಾಲಿಗೆ ಮಾತ್ರ ಗಟ್ಟಿ ಇದೆ.

ನಾನು ಸ್ವಲ್ಪ ತಡ ಮಾಡಿದರೆ ಸಾಕು, "ಬಂದ್ಯಾ? ಇವತ್ತ ಸತ್ತಿ ಅಂತ ಮಾಡಿದ್ದೆ ನಾ," ಅನ್ನುತ್ತಾಳೆ.

"ಸಾಯಾಕ ಪುರಸೊತ್ತಿಲ್ಲ ನನಗ. ಮೊದಲ ನೀ ಹೋಗು, ನಾ ಹಿಂದಿಂದ ಬರ್ತೇನಿ."

"ಎಲ್ಲಾದಕ್ಕೂ ಮೊದಲ ನಾನ ಏನು? ನೀರಿಗೂ ನಾನ ಮುಂದ ಹೋಗಬೇಕಿತ್ತು, ಸಾಯಾಕೂ ನಾನ ಮುಂದ?"

ಇಷ್ಟೇ ಮಾತು. ಆಮೇಲೆ ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ನಾನು ಅವಳ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತು ತುಂಡಾದ ಎಳೆ ಹುಡುಕಿ ಕೊಡುತ್ತೇನೆ. ಮಾಲಕ ಇದಕ್ಕೆ ಏನೂ ಕೊಡುವುದಿಲ್ಲ, ನಾನು ಕೇಳಿಯೂ ಇಲ್ಲ. ಅವನ ಬಲ್ಬಿನ ಬೆಳಕಿನಲ್ಲಿ ಕೂರುತ್ತೇನೆ, ಅವನ ಕೆಲಸ ಮಾಡುತ್ತೇನೆ, ಸರಿಹೋಯಿತು. ಮಗ್ಗದ ಸದ್ದು ಕೇಳಿ ಹಳೆಯದೆಲ್ಲ ನೆನಪಾಗುತ್ತದೆಯಾ ಅಂತ ಮೊಮ್ಮಗಳು ಒಮ್ಮೆ ಕೇಳಿದ್ದಳು. ಪವರ್‌ಲೂಮಿನ ಸದ್ದೇ ಬೇರೆ, ಅದಕ್ಕೆ ನೆನಪಾಗುವಂಥದ್ದು ಏನೂ ಇಲ್ಲ. ಅಲ್ಲಿ ಒಬ್ಬಳು ಗುರುತಿನವಳು ಕೂತಿರುತ್ತಾಳೆ, ಅದಕ್ಕೆ ಹೋಗುತ್ತೇನೆ.

ನನ್ನ ಮಗ ಲಕ್ಷ್ಮೇಶ್ವರದಲ್ಲಿ ಜವಳಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮನೆಯವರು ತೀರಿಕೊಂಡ ಮೇಲೆ ಒಂದು ಮಳೆಗಾಲ ಅವನ ಹತ್ತಿರ ಇದ್ದೆ. ಬಾಡಿಗೆ ಮನೆ, ಮೇಲಿನ ಮಹಡಿ, ಮೆಟ್ಟಿಲು ಕಡಿದು. ಸೊಸೆ ಕೆಟ್ಟವಳಲ್ಲ. ಊಟ ತಾಟಿಗೆ ಹಾಕಿ ಕುರ್ಚಿಗೇ ತಂದು ಕೊಡುತ್ತಿದ್ದಳು. ನನಗೆ ಅದೇ ತೊಂದರೆಯಾಯಿತು. ಎದ್ದು ಅಡುಗೆಮನೆಗೆ ಹೋಗಲೂ ಒಂದು ನೆಪ ಉಳಿಯಲಿಲ್ಲ. ಕುರ್ಚಿ ಕಿಟಕಿಯ ಹತ್ತಿರ ಇತ್ತು. ಕಿಟಕಿಯಿಂದ ಕೆಳಗಿನ ರಸ್ತೆಯ ಜನ ಕಾಣುತ್ತಿದ್ದರು, ಬರೀ ತಲೆಗಳು. ಮಳೆಗಾಲವಾದ್ದರಿಂದ ಎಷ್ಟೋ ಸಲ ತಲೆಯೂ ಅಲ್ಲ, ಛತ್ರಿಗಳು. ಒಂದು ಮುಖ ನೋಡದೆ ಸಂಜೆ ಮಾಡುವುದು ಏನೆಂದು ಅಲ್ಲಿ ತಿಳಿಯಿತು. ಮಳೆ ನಿಂತ ಕೂಡಲೇ ಬೆಟಗೇರಿಗೆ ಬಂದೆ.

ಬರುವಾಗ ಮಗ ಒಂದು ಬ್ಯಾಟರಿ ಕೊಟ್ಟ, ಒಂದು ಷರತ್ತನ್ನೂ ಹಾಕಿದ.

"ಅವ್ವಾ, ರಾತ್ರಿ ಅಡ್ಡಾಡೂದು ಬಿಡಂಗಿಲ್ಲ ನೀ, ಗೊತ್ತೈತಿ ನನಗ. ಬ್ಯಾಟರಿ ಹಿಡದ ಹೋಗು. ಆದರ ಒಂದ ಸಲ ಬಿದ್ದಿ ಅಂತ ಖಬರ ಬಂತಂದ್ರ ಮುಗೀತು. ನಾ ಬಂದು ಕರಕೊಂಡ ಹೋಗ್ತೀನಿ. ಆವಾಗ ಒಲ್ಲೆ ಅನ್ನಬ್ಯಾಡ."

"ಬೀಳಂಗಿಲ್ಲ ನಡಿ," ಅಂದಿದ್ದೆ.

ಇನ್ನು ಮೊಮ್ಮಗಳ ಫೋಟೋದ ವಿಷಯ ಹೇಳಬೇಕು. ಸ್ಟುಡಿಯೋದ ಕೆಲಸ ಮುಗಿದ ಮೇಲೆ ಅವಳು ನೆಟ್ಟಗೆ ಮನೆಗೆ ಬರುತ್ತಿರಲಿಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ರಸ್ತೆಯ ಪಕ್ಕ ನಿಂತು ರಾತ್ರಿಯ ಫೋಟೋ ತೆಗೆಯುತ್ತಿದ್ದಳು. ಎಲ್ಲಿ ಅಂತ ಕೇಳಿದರೆ ಗದಗಿನ ಸ್ಟೇಶನ್ ರಸ್ತೆ ಅನ್ನುತ್ತಿದ್ದಳು. ಒಮ್ಮೆ ತೋರಿಸಿದಳು. ರಸ್ತೆಯ ತುಂಬ ಕೆಂಪು ಹಳದಿ ಗೆರೆಗಳು, ಹೋಳಿಯಲ್ಲಿ ಯಾರೋ ಬಣ್ಣ ಎರಚಿದ ಹಾಗೆ.

"ಇದೇನಲೇ? ಗಾಡಿ ಎಲ್ಲಿ ಅದಾವು?"

"ಇವ ಗಾಡಿ, ಆಯಿ. ಕ್ಯಾಮೆರಾದ ಕಣ್ಣ ಭಾಳ ಹೊತ್ತ ತಗದ ಇಟ್ಟಿರ್ತೀನಿ. ಗಾಡಿ ಹೋಗಿಬಿಡ್ತಾವು, ಅವುಗಳ ದೀಪದ ಬೆಳಕಷ್ಟ ಉಳೀತೈತಿ."

"ಮಂದಿ?"

"ನಿಂತೋರು ಬರ್ತಾರ. ನಡಿಯೋರು ಬರಂಗಿಲ್ಲ."

"ಹಂಗಂದ್ರ?"

"ನಡಕೋತ ಹೋದವರು ಫೋಟೋದಾಗ ಅಳಿಸಿ ಹೋಗ್ತಾರ. ಕತ್ತಲಾಗ ಅವರ ಮೈಮ್ಯಾಲೆ ಬೆಳಕ ಇರೂದಿಲ್ಲಲ್ಲ."

ಕಾರು ಬರುತ್ತದೆ, ಮನುಷ್ಯ ಬರುವುದಿಲ್ಲ. ಇದೆಂಥ ಫೋಟೋ ಅಂದೆ. ಅವಳು ನಕ್ಕಳು. ಆದರೆ ನಾಲ್ಕು ದಿನ ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ರಸ್ತೆಯಲ್ಲಿಯೂ ಹಾಗೇ ಅಲ್ಲವೇ? ಕಾರಿನ ದೀಪ ಕಣ್ಣಿಗೆ ಹೊಡೆಯುತ್ತದೆ, ನನಗೆ ಅದು ಒಂದು ಮೈಲಿ ದೂರದಿಂದ ಕಾಣುತ್ತದೆ. ನನಗೆ ಕಂಡ ಮೇಲೆ ಕಾರಿನವನಿಗೂ ನಾನು ಕಾಣುತ್ತೇನೆ ಅಂತ ಅಂದುಕೊಂಡಿದ್ದೆ. ಕಾರಿನೊಳಗೆ ಕೂತು ರಾತ್ರಿ ರಸ್ತೆ ನೋಡಿದವಳಾಗಿದ್ದರೆ ತಿಳಿಯುತ್ತಿತ್ತು. ನಾನು ಬಸ್ಸಿನಲ್ಲಿ ಹೋದವಳು, ಅದೂ ಹಗಲು.

ನಮ್ಮ ದೊಡ್ಡ ರಸ್ತೆಯನ್ನು ಅಗಲ ಮಾಡಿ ಬಹಳ ವರ್ಷವೇನೂ ಆಗಿಲ್ಲ. ಅಂಚಿಗೆ ನಡೆಯಲಿಕ್ಕೆ ಕಟ್ಟೆ ಮಾಡಿದ್ದಾರೆ, ಸಿಮೆಂಟಿನ ಹೆಂಚು ಹಾಕಿದ್ದಾರೆ. ಅದರ ಮೇಲೆ ಪಾನಿಪೂರಿ ಗಾಡಿ, ಮೋಟರ್‌ಸೈಕಲ್, ಗ್ಯಾರೇಜಿನ ಹಳೆಯ ಟೈರು, ಮಲಗಿದ ದನ. ನಡೆಯುವವರು ಕೆಳಗೆ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು ಹೋಗಬೇಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಟ್ಟೆ ಖಾಲಿಯಾಗುತ್ತದೆ, ಆದರೆ ಆಗ ಕಾರುಗಳಿಗೂ ರಸ್ತೆ ಖಾಲಿ. ಬೀದಿದೀಪ ಒಂದು ಉರಿದರೆ ಎರಡು ಉರಿಯುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ರಾತ್ರಿ ಹೊತ್ತು ನಾನು ಕಟ್ಟೆ ಬಿಟ್ಟು ಇಳಿಯುವವಳಲ್ಲ ಅಂತಲೇ ತಿಳಿದಿದ್ದೆ. ಯಾರಾದರೂ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ.

ಆವತ್ತು ಶೆಡ್ಡಿನಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಗೆಳತಿಯೂ ನಾನೂ ಕತ್ತಲಲ್ಲಿ ಸ್ವಲ್ಪ ಹೊತ್ತು ಕೂತೆವು. "ಇನ್ನ ಬರಂಗಿಲ್ಲ ಅದು, ನೀ ಹೋಗು," ಅಂದಳು. ನಾನು ಬ್ಯಾಟರಿ ಹಚ್ಚಿ ಹೊರಟೆ.

ದೊಡ್ಡ ರಸ್ತೆಯ ಅಂಚಿನ ಕಟ್ಟೆ ಹಿಡಿದು ಬರುತ್ತಿದ್ದೆ. ಬೀದಿಯೂ ಕತ್ತಲೆ. ಬ್ಯಾಟರಿಯನ್ನು ಹೆಜ್ಜೆಯ ಮುಂದೆ ನೆಲಕ್ಕೆ ಹಿಡಿದಿದ್ದೆ. ಹಿಂದಿನಿಂದ ಬೆಳಕು ಬಂತು, ನನ್ನ ನೆರಳು ಉದ್ದಕ್ಕೆ ಮುಂದೆ ಓಡಿತು, ಆಮೇಲೆ ಚೀರಿದ ಹಾಗೆ ಬ್ರೇಕಿನ ಸದ್ದು. ತಿರುಗಿ ನೋಡಿದೆ. ಕಾರಿನ ಮೂತಿ ನನ್ನ ಸೊಂಟದ ಹತ್ತಿರ ಇತ್ತು. ಬಾನೆಟ್ಟಿನ ಬಿಸಿ ಸೀರೆಯ ಮೂಲಕ ತಾಗಿತು. ಎಡಗೈ ಊರಿ ಅಲ್ಲೇ ಕುಂತೆ.

ಅವನು ಇಳಿದು ಬಂದ. ನನ್ನ ಮುಂದೆ ಬಗ್ಗಿ ನಿಂತ.

"ಯವ್ವಾ, ಬಡೀತೇನ್ರಿ? ಎಲ್ಲಿ ಬಡೀತ್ರಿ? ನೀವು ಕಾಣಲಿಲ್ರಿ. ಖರೇನ ಕಾಣಲಿಲ್ಲ. ಕರೀ ಸೀರಿ, ಕರೀ ರಸ್ತೆ."

"ಕೈಯಾಗ ಬ್ಯಾಟರಿ ಇತ್ತಲ್ಲೋ."

"ನೆಲಕ್ಕ ಹಿಡದೀರಿ. ನಿಮಗ ನೆಲ ಕಾಣ್ತು. ನನಗ ನೀವು ಹೆಂಗ ಕಾಣಬೇಕು?"

ಅವನ ಮಾತು ಸುಳ್ಳಾಗಿರಲಿಲ್ಲ. ಅವರು ಹಮ್ಮಿಗಿಯವರು, ಮದುವೆಯ ಜವಳಿಗೆ ಬಂದು ಬೀಗರ ಮನೆಯಲ್ಲಿ ಊಟ ಮುಗಿಸಿ ಊರಿಗೆ ಹೊರಟವರು. ಹಿಂದಿನ ಸೀಟಿನಿಂದ ಅವನ ಹೆಂಡತಿ ಇಳಿದು ಬಂದು ನನ್ನ ಭುಜ ಹಿಡಿದಳು, ಸೆರಗು ಸರಿ ಮಾಡಿದಳು, ಸರಿ ಮಾಡುತ್ತ ಮಾಡುತ್ತ ಬೆರಳಿನಿಂದ ದಡಿ ಸವರಿ ನೋಡಿದಳು.

"ದಡಿ ಭಾಳ ಚಂದ ಐತಿ ಆಯಿ. ಇಂಥಾದು ಎಲ್ಲೂ ಸಿಗಲಿಲ್ಲ ನಮಗ. ಎಲ್ಲಿ ತಗೊಂಡ್ರಿ?"

"ತಗೊಂಡದ್ದಲ್ಲ. ಮನ್ಯಾಗ ನೇದದ್ದು."

"ಏ, ಅಕಿ ಸಾಯಾಕ ಬಿದ್ದಾಳ, ನೀ ಸೀರಿ ಕೇಳಾಕತ್ತೀಯಲ್ಲ!" ಅಂತ ಗಂಡ ಬೈದ.

"ಯಾರೂ ಸಾಯಾಕ ಬಿದ್ದಿಲ್ಲ," ಅಂದೆ ನಾನು. "ಎಬಿಸು."

ಅಷ್ಟರಲ್ಲಿ ರಸ್ತೆಯ ಆ ಕಡೆಯಿಂದ ಯಾರೋ ಓಡಿ ಬಂದರು. ನೋಡಿದರೆ ನನ್ನ ಮೊಮ್ಮಗಳು. ಸ್ಟೇಶನ್ ರಸ್ತೆಯಲ್ಲಿ ಇರಬೇಕಾದವಳು ಇಲ್ಲಿ ಹೇಗೆ ಅಂತ ಕೇಳುವಷ್ಟರಲ್ಲಿ ಅವಳು ಕಾರಿನವನ ಮೇಲೆ ಏರಿ ಹೋದಳು.

"ಹಿಂಗ ಜೋರ ಬರ್ತಾರೇನ್ರಿ? ಇಲ್ಲಿ ವಯಸ್ಸಾದವರು ಅಡ್ಡಾಡ್ತಾರ!"

"ಜೋರ ಇದ್ದಿದ್ರ ಗಾಡಿ ನಿಂತಿರ್ತಿತ್ತೇನವ್ವಾ? ನೀನ ಹೇಳು. ಒಮ್ಮೆಲೆ ಇಳದಬಿಟ್ರು ರಸ್ತೆಕ್ಕ."

"ಆಯಿ, ಯಾಕ ಇಳದಿ?"

ನಾನು ಹಿಂದೆ ತಿರುಗಿ ನೋಡಿದೆ. ಕಾರಿನ ದೀಪದಲ್ಲಿ ಕಟ್ಟೆ ಸ್ವಚ್ಛವಾಗಿ ಕಾಣುತ್ತಿತ್ತು. ಗಾಡಿ ಇಲ್ಲ, ಟೈರಿಲ್ಲ, ದನ ಇಲ್ಲ, ಒಡೆದ ಹೆಂಚೂ ಇಲ್ಲ. ಅಷ್ಟು ಉದ್ದದ ರಸ್ತೆಯಲ್ಲಿ ಅದಕ್ಕಿಂತ ಚೊಕ್ಕ ಜಾಗ ಬೇರೆ ಇರಲಿಲ್ಲ. "ಗೊತ್ತಿಲ್ಲ," ಅಂದೆ. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಕಾರಿನದಲ್ಲ. ಬುದ್ಧಿ ಕೆಟ್ಟು ಎಲ್ಲೆಲ್ಲೋ ನಡೆದು ಹೋಗುವ ಮುದುಕಿಯರನ್ನು ನಾನು ನೋಡಿದ್ದೇನೆ. ಅವರ ಪಾಲಿಗೆ ಕೊನೆಗೆ ಉಳಿಯುವುದು ಕಿಟಕಿಯ ಹತ್ತಿರದ ಕುರ್ಚಿಯೇ.

ಹಮ್ಮಿಗಿಯವರು ದವಾಖಾನೆಗೆ ಬನ್ನಿ ಅಂತ ಬಹಳ ಹೇಳಿದರು. ಬೇಡ ಅಂದೆ. ಅವರ ಮನಸ್ಸಿಗೆ ಸಮಾಧಾನ ಆಗಲಿ ಅಂತ ಅವರ ಮುಂದೆಯೇ ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಅವರು ಹೋದ ಮೇಲೂ ಮೊಮ್ಮಗಳು ನನ್ನ ತೋಳು ಬಿಡಲಿಲ್ಲ.

ಮನೆಗೆ ಬಂದು ಅವಳು ಮಣಿಕಟ್ಟಿಗೆ ಅರಿಷಿಣ ಸುಣ್ಣ ಬಿಸಿ ಮಾಡಿ ಹಚ್ಚಿ ಅರಿವೆ ಕಟ್ಟಿದಳು. ಖಬರ ನಮಗಿಂತ ಮುಂಚೆಯೇ ಓಡಿತ್ತು. ಓಣಿಯವರು ಯಾರೋ ಮಗನಿಗೆ ಫೋನ್ ಮಾಡಿದ್ದರು. ಅವನ ಫೋನ್ ಬಂತು.

"ಅವ್ವಾ, ಕಾರ ಬಡೀತಂತ?"

"ಬಡದಿಲ್ಲ."

"ಬಿದ್ದೀಯೋ ಇಲ್ಲೋ?"

"ಕುಂತೆ."

"ಬಿದ್ದಿ. ಮುಂಜಾನೆ ಮೊದಲನೇ ಬಸ್ಸಿಗೆ ಬರ್ತೀನಿ. ಅರಿವಿ ಗಂಟ ಕಟಗೊಂಡ ಇರು. ಮಾತು ಕೊಟ್ಟೀದಿ ನೀ."

ಫೋನ್ ಇಟ್ಟ ಮೇಲೆ ಮೊಮ್ಮಗಳನ್ನು ಕೇಳಿದೆ, "ನೀ ಏನಂತಿ?"

"ಮಾಮಾ ಹೇಳೂದು ಖರೇನ ಐತಿ ಆಯಿ. ಇವತ್ತ ನಿಂತಿತು. ನಾಳೆ?"

ನಾನು ಟ್ರಂಕು ಎಳೆದು ಸೀರೆ ತೆಗೆದಿಡಲು ಶುರು ಮಾಡಿದೆ. ಒಂದು ಕೈಯಲ್ಲಿ ಸೀರೆ ಮಡಚಲು ಬರುವುದಿಲ್ಲ. ಅವಳು ಸಹಾಯಕ್ಕೆ ಬರಲಿಲ್ಲ, ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದಿದ್ದಳು. ಇಂಥ ಹೊತ್ತಿನಲ್ಲಿ ಇವಳಿಗೆ ಮೊಡವೆ ಅಳಿಸುವ ಕೆಲಸವೇ ಅಂತ ಸಿಟ್ಟು ಬಂತು.

"ಆಯಿ, ಇಲ್ಲಿ ಬಾ."

"ಕೆಲಸ ಐತಿ ನನಗ."

"ಬಾ ಅಂದ್ನಲ್ಲ."

ಪರದೆಯ ಮೇಲೆ ನಮ್ಮ ದೊಡ್ಡ ರಸ್ತೆಯ ಫೋಟೋ ಇತ್ತು. ಕಾರಿನ ಕೆಂಪು ಗೆರೆಗಳು, ಅವುಗಳ ಆಚೆ, ಕಟ್ಟೆಯ ಉದ್ದಕ್ಕೆ ಒಂದು ಸಣ್ಣ ಬಿಳಿ ಗೆರೆ.

"ಇದ್ಯಾರು?"

"ನೀನ. ನೀ ಬಂದಿಲ್ಲ, ನಿನ್ನ ಬ್ಯಾಟರಿ ಬಂದೈತಿ."

ನಾನಿಲ್ಲದೆ ನನ್ನ ಬ್ಯಾಟರಿ ನಡೆದು ಹೋಗಿತ್ತು. ನೂಲಿನ ಎಳೆ ಇದ್ದಂಗ ಐತಿ ನೋಡು ಅಂದಳು. ನೂಲು ಹಾಗಿರುವುದಿಲ್ಲ ಅಂದೆ. ಅವಳು ಗೆರೆಯ ಒಂದು ಕಡೆ ಬೆರಳಿಟ್ಟಳು. ನೆಟ್ಟಗೆ ಬಂದ ಗೆರೆ ಅಲ್ಲಿ ಬಾಗಿ ರಸ್ತೆಗೆ ಇಳಿದಿತ್ತು. ಸ್ವಲ್ಪ ದೂರ ರಸ್ತೆಯಲ್ಲೇ ಹೋಗಿ ಮತ್ತೆ ಮೇಲೆ ಹತ್ತಿ ನೆಟ್ಟಗಾಗಿತ್ತು.

"ಇದು ಇವತ್ತಿಂದು?"

"ಅಲ್ಲ. ಹೋದ ವಾರದ್ದು." ಇನ್ನೊಂದು ತೆಗೆದಳು. "ಇದು ಅದಕ್ಕೂ ಹಿಂದಿಂದು." ಮತ್ತೊಂದು. ಮತ್ತೊಂದು. ಕಾರುಗಳ ಗೆರೆ ಒಂದೊಂದರಲ್ಲಿ ಒಂದೊಂದು ತರಹ. ನನ್ನ ಗೆರೆ ಮಾತ್ರ ಎಲ್ಲದರಲ್ಲಿಯೂ ಒಂದೇ. ಅದೇ ಜಾಗದಲ್ಲಿ ಇಳಿದಿತ್ತು, ಅದೇ ಜಾಗದಲ್ಲಿ ಹತ್ತಿತ್ತು.

"ಇಷ್ಟೊಂದ ಫೋಟೋ ಯಾಕ ತಗದಿ? ಸ್ಟೇಶನ್ ರಸ್ತೆ ಅಂತಿದ್ದಿ. ಗದಗಿನಾಗ ಬ್ಯಾರೆ ರಸ್ತೆ ಇಲ್ಲೇನು?"

"ಐತಿ," ಅಂದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಎಷ್ಟು ದಿನದಿಂದ ಅವಳು ಆ ಕಡೆ ನಿಂತಿದ್ದಳೋ. ನಾನು ಈ ಕಡೆ ಒಬ್ಬಳೇ ಹೋಗುತ್ತೇನೆ ಅಂತ ತಿಳಿದು ಹೋಗುತ್ತಿದ್ದೆ. ನಡುವೆ ಕಾರುಗಳು. ಕೂಗಬೇಕಿತ್ತು ಅವಳು, ಅಥವಾ ನಾನು ತಲೆ ಎತ್ತಬೇಕಿತ್ತು. ಇಬ್ಬರೂ ಒಂದೇ ಮನೆಗೆ ಬೇರೆ ಬೇರೆಯಾಗಿ ಬರುತ್ತಿದ್ದೆವು, ಅವಳು ಮುಚ್ಚಿಟ್ಟ ತಾಟು ತೆಗೆದು ಉಣ್ಣುತ್ತಿದ್ದಳು, ನಾನು ಮಲಗುತ್ತಿದ್ದೆ.

"ನಾ ನೋಡಿದ್ದೆ ಆಯಿ, ನೀ ಅಲ್ಲಿ ಇಳೀತಿ ಅಂತ. ತೆಗ್ಗ ಇರಬೇಕು, ನಾಯಿ ಇರಬೇಕು ಅಂತ ಮಾಡಿದ್ದೆ. ಹಗಲ ಹೋಗಿ ನೋಡಿದೆ, ಏನೂ ಇಲ್ಲ. ಏನ ಐತಿ ಅಲ್ಲಿ?"

ಆ ಬಾಗಿದ ಗೆರೆಯನ್ನು ನಾನು ಇನ್ನೊಮ್ಮೆ ನೋಡಿದೆ. ಅದರ ಉದ್ದ ನೋಡಿದೆ. ಉದ್ದ ನೋಡಿದ ಮೇಲೆ ತಿಳಿಯಿತು, ಯಾಕೆಂದರೆ ಆ ಉದ್ದ ನನಗೆ ಗೊತ್ತಿರುವ ಉದ್ದ.

"ಅಲ್ಲಿ ಹಾಸು ಇರ್ತಿತ್ತು," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಅವಳು ಹುಟ್ಟುವಷ್ಟರಲ್ಲಿ ಅದು ನಿಂತಿತ್ತು. ಸೀರೆಗೆ ಉದ್ದಕ್ಕೆ ಬರುವ ಎಳೆಗಳೆಲ್ಲ ಸೇರಿ ಹಾಸು. ಮಗ್ಗಕ್ಕೆ ಏರಿಸುವ ಮುಂಚೆ ಅದಕ್ಕೆ ಗಂಜಿ ಹಚ್ಚಬೇಕು, ಅಷ್ಟು ಉದ್ದದ ಹಾಸನ್ನು ಮನೆಯೊಳಗೆ ಚಾಚಲು ಬರುವುದಿಲ್ಲ. ಹಾಗಾಗಿ ನಸುಕಿನಲ್ಲಿ ದೊಡ್ಡ ರಸ್ತೆಯ ಅಂಚಿಗೆ ತರುತ್ತಿದ್ದರು. ಎರಡೂ ತುದಿಗೆ ನೆಟ್ಟ ಕಲ್ಲಿಗೆ ಬಿಗಿದು, ನಡುವೆ ಕತ್ತರಿಯಂತೆ ಕಟ್ಟಿದ ಕೋಲುಗಳ ಮೇಲೆ ಎತ್ತಿ ನಿಲ್ಲಿಸಿ, ಗಂಡಸರು ಎರಡೂ ಬದಿಗೆ ನಿಂತು ಕುಂಚದಿಂದ ತಿಕ್ಕುತ್ತಿದ್ದರು. ಒಂದು ಕಡೆ ಮನೆಗಳ ಗೋಡೆ. ದಾಟಿ ಹೋಗುವವರು ರಸ್ತೆಯ ಕಡೆಯಿಂದ ಸುತ್ತಿ ಹೋಗಬೇಕು. ಕೆಳಗೆ ನುಸುಳುವಂತಿಲ್ಲ, ಸೆರಗು ತಾಗುವಂತಿಲ್ಲ. ಒಂದು ಎಳೆ ಹರಿದರೆ ಮನೆಯವರೆಲ್ಲ ಕೂತು ಹುಡುಕಿ ಗಂಟು ಹಾಕಬೇಕು. ರಾತ್ರಿ ಹಾಸು ಇರುತ್ತಿರಲಿಲ್ಲ, ಕಲ್ಲುಗಳು ಇರುತ್ತಿದ್ದವು. ಕತ್ತಲಲ್ಲಿ ಎಡವಬಾರದೆಂದು ಆಗಲೂ ಸುತ್ತಿಯೇ ಹೋಗುತ್ತಿದ್ದೆವು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಕೊಡ ಹೊತ್ತು ನೆಟ್ಟಗೆ ನಡೆದಿದ್ದಕ್ಕೆ ಅತ್ತೆ ಬೀದಿಯಲ್ಲೇ ಬೈದಿದ್ದಳು: "ಹಾಸ ಇರಲಿ ಬಿಡಲಿ, ಅದು ಹಾಸಿನ ಜಾಗ. ಸುತ್ತ ಹಾಕಿ ಹೋಗು." ಆವತ್ತಿನಿಂದ ಸುತ್ತಿ ಹೋದೆ. ಆಗ ರಸ್ತೆಯಲ್ಲಿ ಬರುತ್ತಿದ್ದದ್ದು ಚಕ್ಕಡಿ, ಸೈಕಲ್ಲು.

ರಸ್ತೆ ಅಗಲ ಮಾಡಿದಾಗ ಕಲ್ಲು ಕಿತ್ತು ಹಾಕಿದರು, ಹೆಂಚು ಹಾಸಿದರು. ಕಲ್ಲು ಕೀಳುವಾಗ ನಾನು ನಿಂತು ನೋಡಿದ್ದೆ. ಕಣ್ಣಿಗೆ ಗೊತ್ತಾಯಿತು, ಕಾಲಿಗೆ ಯಾರೂ ಹೇಳಿರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗಳು ನಗುತ್ತಾಳೆ ಅಂತ ತಿಳಿದಿದ್ದೆ. ನಗಲಿಲ್ಲ.

"ಹಂಗಾರ ನಿನ್ನ ತಲಿ ಸರಿ ಐತಿ," ಅಂದಳು.

"ಐತಿ ಅಂತ ಕಾಣ್ತೈತಿ."

"ಮಾಮಾಗ ಇದನ್ನ ಹೇಳಿದ್ರ ತಿಳಿಯಂಗಿಲ್ಲ. ಹಾಸು ಹೋಗಿ ಎಷ್ಟ ವರ್ಷ ಆತು ಅಂತಾನ."

"ಅವಂಗ ಹೇಳೂದ ಆಮ್ಯಾಲೆ. ಮೊದಲ ಕಾಲಿಗೆ ಹೇಳಬೇಕು."

ಅವಳು ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಮಣಿಕಟ್ಟು ಜುಂ ಅನ್ನುತ್ತಿತ್ತು. ಗೆಳತಿ ನೆನಪಾದಳು. ಅವಳೂ ಇದೇ ಓಣಿಯ ಸೊಸೆ, ಅವಳ ಕಾಲೂ ಅಲ್ಲೇ ಇಳಿಯುತ್ತಿರಬೇಕು, ಅದೂ ಬ್ಯಾಟರಿ ಇಲ್ಲದೆ, ಅರ್ಧ ಕಿವಿಯಲ್ಲಿ. ನಾನು ಲಕ್ಷ್ಮೇಶ್ವರಕ್ಕೆ ಹೋದರೆ ಅವಳಿಗೆ ಇದನ್ನು ಹೇಳುವವರು ಯಾರೂ ಇಲ್ಲ. ಟ್ರಂಕು ತೆರೆದೇ ಇತ್ತು. ಮುಚ್ಚಲಿಲ್ಲ, ತುಂಬಲೂ ಇಲ್ಲ.

ಮರುದಿನ ನಸುಕಿನಲ್ಲಿ, ಬೀದಿದೀಪ ಆರುವ ಮುಂಚೆ, ನಾನು ದೊಡ್ಡ ರಸ್ತೆಗೆ ಹೋದೆ. ಗಾಡಿಗಳು ಇನ್ನೂ ಶುರುವಾಗಿರಲಿಲ್ಲ. ಕಟ್ಟೆಯ ಮೇಲೆ ನೆಟ್ಟಗೆ ನಡೆಯುತ್ತ ಬಂದೆ, ಆ ಜಾಗ ಬಂತು, ನೋಡುತ್ತಿದ್ದ ಹಾಗೇ ಬಲಗಾಲು ರಸ್ತೆಗೆ ಇಳಿಯಿತು. ಎತ್ತು ತನ್ನ ಹೊಲದ ಕಡೆ ತಾನೇ ತಿರುಗುವ ಹಾಗೆ. ಹಿಂದೆ ಹೋಗಿ ಮತ್ತೆ ಬಂದೆ. ಮತ್ತೆ ಇಳಿಯಿತು. ಬೈದೆ. ಕಾಲಿಗೆ ಬೈದರೆ ಅದಕ್ಕೇನು. ಆಮೇಲೆ ಚಪ್ಪಲಿ ಕಳಚಿ ಬಗಲಲ್ಲಿ ಇಟ್ಟುಕೊಂಡೆ, ಯಾಕೆಂದರೆ ಹಾಸಿನ ಹತ್ತಿರ ಕೆಲಸ ಮಾಡುವವರು ಬರಿಗಾಲಿನಲ್ಲೇ ಇರುತ್ತಿದ್ದರು. ಬರಿಗಾಲಿನಲ್ಲಿ ಹೆಂಚಿನ ಮೇಲೆ ಹೆಜ್ಜೆ ಇಟ್ಟೆ. ಹೆಂಚು ತಣ್ಣಗಿತ್ತು. ಎಲ್ಲಿಂದಲೋ ಅತ್ತೆ ಕೂಗುತ್ತಾಳೆ ಅಂತ ಕಾಯ್ದೆ. ಯಾರೂ ಕೂಗಲಿಲ್ಲ. ಕೂಗಲು ಆ ಓಣಿಯಲ್ಲಿ ಅಂಥವರು ಯಾರೂ ಉಳಿದಿರಲಿಲ್ಲ. ಆ ತುದಿ ಮುಟ್ಟಿದೆ.

ಮತ್ತೆ ಈ ತುದಿಗೆ ಬಂದೆ. ಮತ್ತೆ ಆ ತುದಿಗೆ. ಹಾಲಿನವನು ಗಾಡಿ ನಿಲ್ಲಿಸಿ, "ಏನರೆ ಕಳಕೊಂಡೀರೇನ್ರಿ ಆಯಿ?" ಅಂದ. "ಇಲ್ಲ, ನಡಿ ನೀ," ಅಂದೆ. ಬೆಳಕು ಹರಿದ ಮೇಲೆ ಚಪ್ಪಲಿ ಹಾಕಿಕೊಂಡು ನಡೆದೆ. ಒಂದು ಸಲ ಇಳಿಯಿತು, ಆಮೇಲೆ ಇಳಿಯಲಿಲ್ಲ.

ಮಗ ಆಟೋದಿಂದ ಇಳಿದದ್ದು ನಾನು ಇನ್ನೂ ಅಲ್ಲಿರುವಾಗಲೇ. ಅರಿವೆ ಕಟ್ಟಿದ ನನ್ನ ಕೈ ನೋಡಿದ, ನನ್ನ ಮುಖ ನೋಡಿದ.

"ಅವ್ವಾ, ಇಲ್ಲೇನ ಮಾಡಾಕತ್ತೀ?"

"ನಡ್ಯಾಕತ್ತೀನಿ."

"ಅರಿವಿ ಗಂಟ ಕಟ್ಟೀಯಿಲ್ಲೋ?"

"ಇಲ್ಲ. ನಾ ಬರಂಗಿಲ್ಲ. ಯಾಕ ಬರಂಗಿಲ್ಲ ಅಂತ ಬಾಯಿಲೆ ಹೇಳಿದ್ರ ನಿನಗ ತಿಳಿಯಂಗಿಲ್ಲ. ಅಲ್ಲೇ ನಿಂತ ನೋಡು."

ಅವನನ್ನು ಅಂಗಡಿಯೊಂದರ ಮೆಟ್ಟಿಲ ಹತ್ತಿರ ನಿಲ್ಲಿಸಿ, ಅವನ ಕಣ್ಣ ಮುಂದೆ ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ಕಟ್ಟೆಯ ಮೇಲೆ ನೆಟ್ಟಗೆ ನಡೆದೆ. ಪಕ್ಕದಲ್ಲೇ ಮೊದಲನೇ ಲಾರಿ ಹಾದು ಹೋಯಿತು, ಕಾಲು ಕಟ್ಟೆ ಬಿಡಲಿಲ್ಲ. ಆಮೇಲೆ ಅವನನ್ನು ಮನೆಗೆ ಕರೆದುಕೊಂಡು ಹೋಗಿ, ಮೊಮ್ಮಗಳನ್ನು ಎಬ್ಬಿಸಿ, ತೆರೆದಿದ್ದ ಟ್ರಂಕು ಮುಚ್ಚಿ, ಒಂದೇ ಕೈಯಲ್ಲಿ ಮೂವರಿಗೆ ಚಹಾಕ್ಕಿಟ್ಟೆ.